ತಾರೆಯ ಮುಖ, ಮನೆಯ ಗಂಟು

ಸಿನಿಮಾ ತಾರೆಯರೂ ಕ್ರಿಕೆಟ್ ಆಟಗಾರರೂ ಸೋಪು, ಟೂತ್‌ಪೇಸ್ಟುಗಳ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವುದು ಹೊಸದೇನಲ್ಲ. ಸೋಪು ಹಿಡಿಸದಿದ್ದರೆ ನಷ್ಟವಾಗುವುದು ಕೆಲವೇ ರೂಪಾಯಿ. ಮುಂದಿನ ತಿಂಗಳು ಬೇರೆಯದನ್ನು ತಂದರಾಯಿತು. ಆದರೆ ಅದೇ ಮುಖ 'ಇಲ್ಲಿ ಹಣ ಹೂಡಿ' ಎಂದು ಕರೆದರೆ? ಆಗ ಪಣಕ್ಕೆ ಬೀಳುವುದು ಮಕ್ಕಳ ಓದಿಗೆಂದು ವರ್ಷಗಟ್ಟಲೆ ಕೂಡಿಟ್ಟ ಗಂಟು.

ಈ ಎರಡರ ನಡುವಿನ ಅಂತರ ಎಷ್ಟು ದೊಡ್ಡದೆಂಬುದನ್ನು ಅಮೆರಿಕದ ಒಂದು ಪ್ರಸಂಗ ತೋರಿಸಿಕೊಟ್ಟಿದೆ. ಕಂಪ್ಯೂಟರ್ ಜಾಲದಲ್ಲಿ ಮಾತ್ರ ಇರುವ ಕ್ರಿಪ್ಟೊ ನಾಣ್ಯಗಳನ್ನು ಕೊಂಡು ಮಾರುವ ಎಫ್‌ಟಿಎಕ್ಸ್ ಎಂಬ ಸಂಸ್ಥೆ 2022ರ ಫೆಬ್ರುವರಿಯಲ್ಲಿ ಭಾರಿ ಜಾಹೀರಾತು ನೀಡಿತು. ಅದರಲ್ಲಿ ಹಾಸ್ಯನಟ ಲ್ಯಾರಿ ಡೇವಿಡ್ ಚಕ್ರ, ವಿದ್ಯುದ್ದೀಪದಂಥ ಆವಿಷ್ಕಾರಗಳನ್ನೆಲ್ಲ ನಿಷ್ಪ್ರಯೋಜಕವೆಂದು ತಳ್ಳಿಹಾಕುತ್ತಾನೆ. ಕೊನೆಗೆ ಎಫ್‌ಟಿಎಕ್ಸನ್ನೂ ಬೇಡವೆನ್ನುತ್ತಾನೆ. ಅವನಂತೆ ಪೆದ್ದರಾಗಬೇಡಿ ಎಂಬುದು ನೋಡುಗರಿಗೆ ಸಂದೇಶ. ಒಂಬತ್ತು ತಿಂಗಳಲ್ಲಿ ಸಂಸ್ಥೆ ದಿವಾಳಿಯಾಯಿತು. ಗ್ರಾಹಕರ ಹಣವನ್ನು ದುರ್ಬಳಕೆ ಮಾಡಿದ್ದಕ್ಕಾಗಿ ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್ ಫ್ರೀಡ್‌ಗೆ 2024ರ ಮಾರ್ಚ್‌ನಲ್ಲಿ 25 ವರ್ಷ ಸೆರೆವಾಸ ವಿಧಿಸಲಾಯಿತು. ಜಾಹೀರಾತಿನ ಆ 'ಪೆದ್ದ'ನೇ ಸರಿಯಾಗಿದ್ದ!

ಇದೇ ಸಂಸ್ಥೆಯ ಪ್ರಚಾರಕ್ಕೆ ನಿಂತಿದ್ದ ಖ್ಯಾತ ಆಟಗಾರ ಟಾಮ್ ಬ್ರೇಡಿ ಅದರ ಷೇರುಗಳನ್ನು ಹೊಂದಿದ್ದರು. ಅವೂ ಬೆಲೆಯಿಲ್ಲದ ಕಾಗದವಾದವು. ಅಂದರೆ ಹೊಗಳುವವರಿಗೇ ಒಳಗಿನ ಹುಳುಕು ತಿಳಿದಿರಲಿಲ್ಲ.

ನಂಬಿಕೆ ಎಲ್ಲಿಂದ?

ಚೆಂಡನ್ನು ಗುರಿಯಿಟ್ಟು ಎಸೆಯಬಲ್ಲವನಿಗೆ ಹಣಕಾಸೂ ಗೊತ್ತಿರಬೇಕೆಂದು ನಾವೇಕೆ ಭಾವಿಸುತ್ತೇವೆ? ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದಕ್ಕೊಂದು ಹೆಸರಿಟ್ಟರು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಅವರು ಪರಿಶೀಲಿಸಿದಾಗ, ಒಳ್ಳೆಯ ಮೈಕಟ್ಟಿನವನೆಂದು ಎನಿಸಿಕೊಂಡವನಿಗೆ ಬುದ್ಧಿ, ನಾಯಕತ್ವಗಳಲ್ಲೂ ಹೆಚ್ಚಿನ ಅಂಕ ಸಿಕ್ಕಿರುವುದು ಕಂಡಿತು. ಒಂದು ಗುಣದ ಬೆಳಕು ಉಳಿದೆಲ್ಲದರ ಮೇಲೂ ಬೀಳುವ ಈ ಭ್ರಮೆಯನ್ನು 'ಪ್ರಭಾವಳಿ ಪರಿಣಾಮ' ಎನ್ನಬಹುದು. ಜಾಹೀರಾತುದಾರರು ಕೊಳ್ಳುವುದು ಈ ಪ್ರಭಾವಳಿಯನ್ನೇ.

ಅದಕ್ಕೆ ತೆರುವ ಬೆಲೆಯೂ ಸಣ್ಣದಲ್ಲ. 2021ರಲ್ಲಿ ಎಥೀರಿಯಮ್‌ಮ್ಯಾಕ್ಸ್ ಎಂಬ ನಾಣ್ಯದ ಬಗ್ಗೆ ಇನ್‌ಸ್ಟಾಗ್ರಾಮ್‌ನಲ್ಲಿ ಒಂದೇ ಒಂದು ಪ್ರಕಟಣೆಗೆ ಕಿಮ್ ಕಾರ್ಡಾಶಿಯನ್ ಪಡೆದದ್ದು 2.5 ಲಕ್ಷ ಡಾಲರ್. ಆ ಸಂಭಾವನೆಯನ್ನು ಜನರಿಗೆ ತಿಳಿಸಲಿಲ್ಲವೆಂದು ಅಮೆರಿಕದ ಷೇರು ನಿಯಂತ್ರಣ ಆಯೋಗ ಆರೋಪಿಸಿತು. ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ, 2022ರ ಅಕ್ಟೋಬರ್‌ನಲ್ಲಿ ಅವರು 12.6 ಲಕ್ಷ ಡಾಲರ್ ತೆರಲು ಒಪ್ಪಿದರು.

ವಿದ್ಯಾರ್ಥಿಗಳಿಗೊಂದು ಲೆಕ್ಕ

2021ರ ನವೆಂಬರ್‌ನಲ್ಲಿ ಸುಮಾರು 69,000 ಡಾಲರ್ ಮುಟ್ಟಿದ್ದ ಬಿಟ್‌ಕಾಯಿನ್ ಒಂದು ವರ್ಷದ ಬಳಿಕ ಸುಮಾರು 16,000ಕ್ಕೆ ಇಳಿದಿತ್ತು. ಹೂಡಿದ ಪ್ರತಿ 100 ರೂಪಾಯಿಯಲ್ಲಿ ಉಳಿದದ್ದು 23. ಶೇ. 77 ಇಳಿದದ್ದು ಮತ್ತೆ ಶೇ. 77 ಏರಿದರೆ ಸರಿಹೋಗುವುದೆ? ಇಲ್ಲ, 23 ರೂಪಾಯಿ ಸುಮಾರು 41 ಆದೀತು ಅಷ್ಟೆ. ಮೊದಲಿನ 100 ಆಗಲು ಅದು ನಾಲ್ಕು ಪಟ್ಟಿಗೂ ಹೆಚ್ಚು ಬೆಳೆಯಬೇಕು. ಬಿಟ್‌ಕಾಯಿನ್ 2024ರಲ್ಲಿ ಹಳೆಯ ಎತ್ತರವನ್ನು ದಾಟಿತು, ನಿಜ. ಆದರೆ ಕಾಲೇಜಿನ ಶುಲ್ಕ ಕಟ್ಟುವ ದಿನಾಂಕ ಅಲ್ಲಿಯವರೆಗೆ ಕಾಯುವುದಿಲ್ಲ. ತಾರೆಯ ಸಂಭಾವನೆಯಾದರೋ ಮೊದಲೇ ನಿಶ್ಚಿತ; ಅನಿಶ್ಚಿತತೆಯೆಲ್ಲ ಹೂಡಿದವರ ಪಾಲಿಗೆ. ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಕಾನೂನು ಏನನ್ನುತ್ತದೆ?

ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿನಲ್ಲಿ ನಟಿಸಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ. ಹೇಳುವ ಮಾತಿನ ಸತ್ಯಾಸತ್ಯತೆಯನ್ನು ಮೊದಲೇ ಸರಿಯಾಗಿ ಪರಿಶೀಲಿಸಿದ್ದವರಿಗೆ ವಿನಾಯಿತಿ ಉಂಟು. ಅಂದರೆ ವಿಚಾರಿಸದೆ ಹೊಗಳುವುದು ಕಾನೂನಿನ ಕಣ್ಣಿನಲ್ಲೂ ಹೊಣೆಗೇಡಿತನ.

ಆದರೆ ತಾರೆ ಬಾಯಿ ತೆರೆಯದೆಯೇ ಮೋಸ ನಡೆದರೆ? ಇನ್ಫೊಸಿಸ್‌ನ ಎನ್. ಆರ್. ನಾರಾಯಣಮೂರ್ತಿಯವರು ಹಣ ಹೂಡುವ ಆ್ಯಪ್‌ಗಳನ್ನು ಹೊಗಳುತ್ತಿರುವಂತೆ ಕೃತಕವಾಗಿ ತಯಾರಿಸಿದ ವಿಡಿಯೊಗಳು ಹರಿದಾಡಿದವು. ಅವೆಲ್ಲ ಸುಳ್ಳು, ನಂಬಬೇಡಿ ಎಂದು 2023ರ ಡಿಸೆಂಬರ್‌ನಲ್ಲಿ ಅವರೇ ಎಚ್ಚರಿಸಬೇಕಾಯಿತು. ಇಂಥ ಕಡೆ ಮುಖ ನೋಡಿ ನಂಬುವ ರೂಢಿಯೇ ವಂಚಕರಿಗೆ ಬಂಡವಾಳ.

ಆದ್ದರಿಂದ ಹಣ ಕಟ್ಟುವ ಮುನ್ನ ಮನೆಮಂದಿ ಕುಳಿತು ನಾಲ್ಕು ಪ್ರಶ್ನೆ ಕೇಳಿಕೊಳ್ಳುವುದು ಒಳಿತು. ಹೀಗೆ ಹೊಗಳಲು ಇವರಿಗೆ ಹಣ ಕೊಟ್ಟವರು ಯಾರು? ಸಂಸ್ಥೆ ಸೆಬಿಯಲ್ಲಿ ನೋಂದಣಿಯಾಗಿದೆಯೆ? ಲಾಭ ಹುಟ್ಟುವುದು ಎಲ್ಲಿಂದ ಎಂದು ನಾಲ್ಕು ಮಾತಿನಲ್ಲಿ ವಿವರಿಸಲು ನಮಗೆ ಸಾಧ್ಯವೆ? ಇಷ್ಟೂ ಹಣ ಹೋದರೆ ಸಂಸಾರ ತಾಳಿಕೊಂಡೀತೆ? ಒಂದಕ್ಕೆ ಉತ್ತರ ಸಿಗದಿದ್ದರೂ ಹಣ ಮನೆಯಲ್ಲೇ ಇರಲಿ. ತಾರೆಯ ಚಿತ್ರ ಇಷ್ಟವಾದರೆ ಟಿಕೆಟ್ ಕೊಂಡು ನೋಡಿದರೆ ಸಾಕು.