ಲೇಖನಿಯಂತೆ ಹಿಡಿದ ಬ್ಯಾಟು

ನಮ್ಮ ಮನೆಯಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನುಂಟು. ಯಾರೂ ಹೇಳಿಕೊಡದಿದ್ದರೂ ಆತನು ಟೇಬಲ್ ಟೆನ್ನಿಸ್ ಬ್ಯಾಟನ್ನು ಲೇಖನಿಯನ್ನು ಹಿಡಿದಂತೆ ಹಿಡಿಯುತ್ತಾನೆ. ಎರಡು ವರ್ಷ ಹೀಗೆಯೇ ಆಡಿ ಓರಗೆಯವರನ್ನು ಸೋಲಿಸುತ್ತಿದ್ದನು. ಕಳೆದ ಬೇಸಗೆಯಲ್ಲಿ ಆತನನ್ನು ಶಿಕ್ಷಕರೊಬ್ಬರ ಬಳಿಗೆ ಕಳುಹಿದೆವು. ಅವರು ಮೊದಲ ದಿನವೇ, "ಈ ಹಿಡಿತವನ್ನು ಬಿಟ್ಟು ಬಾ, ಆಮೇಲೆ ಕಲಿಸುವೆನು" ಎಂದರಂತೆ. ಹುಡುಗನು ಆ ರಾತ್ರಿ ಊಟಮಾಡದೆ ಮಲಗಿದನು. ಹಿಡಿತವನ್ನು ಬದಲಿಸಿದರೆ ಎರಡು ವರ್ಷದ ಅಭ್ಯಾಸವು ನೀರುಪಾಲು. ಬದಲಿಸದಿದ್ದರೆ ಮುಂದಿನ ದಾರಿಯೇ ಮುಚ್ಚುವುದೋ ಎಂಬ ಅಂಜಿಕೆ. ಮಕ್ಕಳಾಟವೆಂದು ತಳ್ಳಿಹಾಕತಕ್ಕ ವಿಷಯವಲ್ಲವಿದು. ಆದುದರಿಂದ ನಾವು ಕೊಂಚ ವಿಚಾರಿಸಿ ನೋಡಿದೆವು. ತಿಳಿದುದನ್ನು ವಾಚಕರ ಮುಂದಿಡುತ್ತೇವೆ.

ಎರಡು ಪದ್ಧತಿಗಳು

ಬ್ಯಾಟನ್ನು ಹಿಡಿಯುವುದರಲ್ಲಿ ಮುಖ್ಯ ಪದ್ಧತಿಗಳು ಎರಡು. ಸ್ನೇಹಿತರ ಕೈಕುಲುಕುವಾಗ ಹಿಡಿಯುವಂತೆ ಹಿಡಿಕೆಯನ್ನು ಹಿಡಿಯುವುದು ಒಂದು. ಯೂರೋಪಿನವರದು ಬಹುಮಟ್ಟಿಗೆ ಇದೇ. ಬ್ಯಾಟಿನ ತಲೆಯನ್ನು ಕೆಳಗಿಳಿಸಿ, ಹೆಬ್ಬೆರಳು ತೋರುಬೆರಳುಗಳನ್ನು ಮುಂದುಗಡೆಯೂ ಉಳಿದ ಮೂರು ಬೆರಳುಗಳನ್ನು ಹಿಂದುಗಡೆಯೂ ಇಡುವುದು ಇನ್ನೊಂದು. ಇದೇ ಲೇಖನಿ ಹಿಡಿತ. ಚೀನಾ, ಜಪಾನ್, ಕೊರಿಯಾ ದೇಶಗಳಲ್ಲಿ ಇದು ಬೆಳೆಯಿತು.

ಇದನ್ನು ಅರಿಯದವರ ಹಿಡಿತವೆಂದು ಎಣಿಸಲಾಗದು. ೧೯೫೨ರಲ್ಲಿ ನಮ್ಮ ಮುಂಬಯಿಯಲ್ಲಿಯೇ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಜಪಾನಿನ ಹಿರೋಜಿ ಸಾತೋ ಎಂಬಾತನು ಸ್ಪಂಜು ಹೊದಿಸಿದ ಬ್ಯಾಟನ್ನು ಹೀಗೆ ಹಿಡಿದು ಪುರುಷರ ಸಿಂಗಲ್ಸ್ ಪದವಿಯನ್ನು ಗೆದ್ದನು. ೧೯೫೯ರಲ್ಲಿ ಚೀನಾಕ್ಕೆ ಮೊದಲ ವಿಶ್ವಪದವಿಯನ್ನು ತಂದ ರೋಂಗ್ ಗುವೊತುವಾನ್, ೧೯೬೧, ೧೯೬೩, ೧೯೬೫ರಲ್ಲಿ ಎಡೆಬಿಡದೆ ಗೆದ್ದ ಜುವಾಂಗ್ ಜೆದೊಂಗ್, ಇವರ ಹಿಡಿತವೂ ಇದೇ.

ಲಾಭ ನಷ್ಟಗಳು

ಈ ಹಿಡಿತದಲ್ಲಿ ಮಣಿಕಟ್ಟು ಸಡಿಲವಾಗಿ ತಿರುಗುವುದು. ಆದುದರಿಂದ ಸರ್ವ್ ಮಾಡುವಾಗಲೂ, ಮೇಜಿನ ಮೇಲೆಯೇ ಪುಟಿಯುವ ಗಿಡ್ಡ ಚೆಂಡನ್ನು ಆಡುವಾಗಲೂ ಚೆಂಡಿಗೆ ಬಗೆಬಗೆಯ ತಿರುಗಣೆಯನ್ನು ಕೊಡುವುದು ಸುಲಭ. ಕೈಕುಲುಕುವ ಹಿಡಿತದವನು, ಚೆಂಡು ನೇರವಾಗಿ ಹೊಟ್ಟೆಯ ಕಡೆಗೆ ಬಂದಾಗ, ಬ್ಯಾಟಿನ ಯಾವ ಮುಖದಿಂದ ಹೊಡೆಯಲೆಂದು ಕ್ಷಣಕಾಲ ತಡವರಿಸುವುದುಂಟು. ಒಂದೇ ಮುಖದಿಂದ ಆಡುವವನಿಗೆ ಆ ತೊಡಕು ಕಡಿಮೆ.

ನಷ್ಟವೆಲ್ಲ ಬ್ಯಾಕ್‌ಹ್ಯಾಂಡ್ ಕಡೆಗೆ, ಎಂದರೆ ಬಲಗೈಯವನ ಎಡಮಗ್ಗುಲಿಗೆ. ಅಲ್ಲಿ ಚೆಂಡನ್ನು ತಡೆದು ತಳ್ಳಬಹುದೇ ಹೊರತು ಬಲವಾಗಿ ತಿರುಗಿಸಿ ಹೊಡೆಯುವುದು ಕಷ್ಟ. ಆ ಕೊರತೆಯನ್ನು ಕಾಲುಗಳೇ ತುಂಬಬೇಕು: ಓಡಿ ಎಡಕ್ಕೆ ಸರಿದು ಫೋರ್‌ಹ್ಯಾಂಡಿನಿಂದಲೇ ಹೊಡೆಯಬೇಕು. ಶಿಕ್ಷಕರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಇಂದಿನ ಆಟದಲ್ಲಿ ಎರಡೂ ಮಗ್ಗುಲಿನಿಂದ ರಭಸವಾಗಿ ಹೊಡೆಯುವವನದೇ ಮೇಲುಗೈ. ಚೀನಾದಲ್ಲಿಯೂ ಹೆಚ್ಚಿನ ಎಳೆಯರು ಈಗ ಕೈಕುಲುಕುವ ಹಿಡಿತವನ್ನೇ ಕಲಿಯುತ್ತಾರೆ.

ಯಾರಿಗೆ ಯಾವುದು?

ಲೇಖನಿ ಹಿಡಿತದಲ್ಲಿಯೂ ಪ್ರಭೇದಗಳುಂಟು. ಚೀನೀ ಪದ್ಧತಿಯಲ್ಲಿ ಹಿಂದಿನ ಮೂರು ಬೆರಳುಗಳು ಬಾಗಿರುತ್ತವೆ. ಬ್ಯಾಟು ಸಲೀಸಾಗಿ ತಿರುಗುವುದು. ಮೇಜಿನ ಬಳಿಯಲ್ಲಿಯೇ ನಿಂತು, ಚುರುಕಾಗಿ ತಡೆದು ಹೊಡೆಯುವ ಉಪಾಯಶಾಲಿಗೆ ಇದು ಒಪ್ಪುವುದು. ೧೯೯೬ರಲ್ಲಿ ಅಟ್ಲಾಂಟದಲ್ಲಿ ಒಲಿಂಪಿಕ್ ಚಿನ್ನವನ್ನು ಗೆದ್ದ ಲಿಯು ಗುವೊಲಿಯಾಂಗ್ ಇಂಥವನು.

ಜಪಾನ್ ಕೊರಿಯಾಗಳ ಪದ್ಧತಿಯಲ್ಲಿ ಹಿಂದಿನ ಬೆರಳುಗಳು ನೀಳವಾಗಿ ಚಾಚಿರುತ್ತವೆ. ಹಿಡಿಕೆಯ ಮೇಲೆ ಎತ್ತರಿಸಿದ ಬಿರಡೆಮರದ ತುಂಡಿಗೆ ತೋರುಬೆರಳು ಕೊಕ್ಕೆಯಂತೆ ಸುತ್ತಿಕೊಳ್ಳುವುದು. ಫೋರ್‌ಹ್ಯಾಂಡಿಗೆ ಸಿಡಿಲಿನಂಥ ಬಲ. ಆದರೆ ಇದಕ್ಕೆ ದಣಿವರಿಯದ ಕಾಲುಗಳು ಬೇಕು.

ಮೂರನೆಯದು ಹೊಸದು. ಬ್ಯಾಟಿನ ಹಿಂಬದಿಗೂ ರಬ್ಬರನ್ನು ಅಂಟಿಸಿ, ಬ್ಯಾಕ್‌ಹ್ಯಾಂಡಿಗೆ ಆ ಮುಖದಿಂದಲೇ ಹೊಡೆಯುವುದು. ಬ್ಯಾಟಿನ ತೂಕ ಹೆಚ್ಚುವುದು ನಿಜ. ಆದರೆ ಹಳೆಯ ಕೊರತೆಯು ಬಹುಪಾಲು ನೀಗುವುದು. ಚೀನಾದ ವಾಂಗ್ ಹಾವೊ ಇದರಲ್ಲಿ ನಿಪುಣನೆನಿಸಿ ೨೦೦೯ರಲ್ಲಿ ವಿಶ್ವ ಚಾಂಪಿಯನ್ನನಾದನು. ಹೊಸದೇ ಯಾವಾಗಲೂ ಗೆಲ್ಲುವುದೆಂದು ಮಾತ್ರ ಭಾವಿಸಬಾರದು: ೨೦೦೪ರಲ್ಲಿ ಅಥೆನ್ಸಿನ ಒಲಿಂಪಿಕ್ ಅಂತಿಮ ಪಂದ್ಯದಲ್ಲಿ ಇದೇ ವಾಂಗ್ ಹಾವೊನನ್ನು, ಹಳೆಯ ಕೊರಿಯಾ ಪದ್ಧತಿಯ ರ್ಯು ಸುಂಗ್‌ಮಿನ್ ಎಂಬಾತನು ಸೋಲಿಸಿದನು.

ಪರೀಕ್ಷೆಯ ಕ್ರಮ

ಹುಡುಗನ ಹಿಡಿತವನ್ನು ನಿರ್ಣಯಿಸುವ ಮುನ್ನ ಆತನ ಕಾಲುಗಳನ್ನು ನೋಡತಕ್ಕದ್ದು. ಎಡಕ್ಕೆ ಚೆಂಡು ಬಂದಾಗ ತಾನಾಗಿಯೇ ಸರಿದು ಫೋರ್‌ಹ್ಯಾಂಡಿಗೆ ಎಡೆಮಾಡಿಕೊಳ್ಳುವನೆ? ಹಾಗಿದ್ದರೆ ಲೇಖನಿ ಹಿಡಿತವು ಆತನ ಸ್ವಭಾವಕ್ಕೆ ಒಪ್ಪಿದುದು. ನಿಂತಲ್ಲಿಯೇ ಕೈಚಾಚುವನೆ? ಹಾಗಾದರೆ ಕೈಕುಲುಕುವ ಹಿಡಿತವೇ ಲೇಸು. ಅಥವಾ ಹಿಂಬದಿಯ ಹೊಡೆತವನ್ನು ಶ್ರದ್ಧೆಯಿಂದ ಕಲಿಯಬೇಕು.

ಬೆರಳುಗಳನ್ನೂ ಗಮನಿಸಬೇಕು. ಫೋರ್‌ಹ್ಯಾಂಡಿಗೆ ಹೆಬ್ಬೆರಳು ಒತ್ತಿ ತೋರುಬೆರಳು ಸಡಿಲಬೇಕು. ಎಡಮಗ್ಗುಲಲ್ಲಿ ತಳ್ಳುವಾಗ ತೋರುಬೆರಳು ಒತ್ತಿ ಹೆಬ್ಬೆರಳು ಸಡಿಲಬೇಕು. ಸದಾ ಬಿಗಿಹಿಡಿದರೆ ಮಣಿಕಟ್ಟು ಸೆಟೆದು, ಈ ಹಿಡಿತದ ಲಾಭವೇ ಇಲ್ಲವಾಗುವುದು. ಮರದ ಅಂಚು ಬೆರಳನ್ನು ಕೊರೆದರೆ ಮರಳುಕಾಗದದಿಂದ ಮೆಲ್ಲಗೆ ತೀಡಿ ನುಣುಪು ಮಾಡಬಹುದು.

ನಮ್ಮ ಹುಡುಗನನ್ನು ಒಂದು ಸಂಜೆ ಹೀಗೆಯೇ ನೋಡುತ್ತ ಕುಳಿತೆವು. ಎಡಕ್ಕೆ ಹಾಕಿದ ಹತ್ತು ಚೆಂಡುಗಳಲ್ಲಿ ಏಳಕ್ಕೆ ಆತನು ಓಡಿ ಸರಿದೇ ಹೊಡೆದನು. ಮಾರನೆಯ ದಿನ ಶಿಕ್ಷಕರನ್ನು ಕಂಡು, ಹಿಂಬದಿಯ ಹೊಡೆತವನ್ನು ಕಲಿಸಿ ಆರು ತಿಂಗಳು ನೋಡಿರೆಂದು ಬೇಡಿಕೊಂಡೆವು. ಅವರು ಅರೆಮನಸ್ಸಿನಿಂದ ಒಪ್ಪಿದರು. ನಾಲ್ಕು ತಿಂಗಳು ಕಳೆದಿವೆ. ಹುಡುಗನು ಎಡಮಗ್ಗುಲಲ್ಲಿ ಇನ್ನೂ ಅನೇಕ ಅಂಕಗಳನ್ನು ಕಳೆದುಕೊಳ್ಳುತ್ತಾನೆ. ಆದರೆ ಸೋತ ದಿನವೂ ಹೊಟ್ಟೆತುಂಬ ಉಂಡು, ನಾಳೆಯ ಅಭ್ಯಾಸದ ಮಾತನ್ನಾಡುತ್ತಾನೆ. ಉಳಿದ ಎರಡು ತಿಂಗಳ ಬಳಿಕ ಶಿಕ್ಷಕರು ಬದಲಿಸೆಂದರೆ ಬದಲಿಸಲು ಆತನೂ ಒಪ್ಪಿದ್ದಾನೆ. ಕಾರಣವನ್ನು ತಿಳಿದು ಬಿಡುವುದಕ್ಕೂ, ಗದರಿಕೆಗೆ ಅಂಜಿ ಬಿಡುವುದಕ್ಕೂ ಬಹಳ ಅಂತರವುಂಟಲ್ಲವೆ?