ಬೇಡಗದಿಂದ ಖಿದ್ರಾಪುರಕ್ಕೆ: ದೇವರು ಅಲ್ಲಿ, ನಂದಿ ಇಲ್ಲಿ

ಮಹಾರಾಷ್ಟ್ರದ ಮಿರಜ ತಾಲ್ಲೂಕಿನ ಬೇಡಗ ಎಲೆಬಳ್ಳಿಯ ಊರು. ತೋಟದ ತಂಪಿನಲ್ಲಿ ಮರಾಠಿ ಮಾತಾಡುತ್ತಿದ್ದವರು ನಾನು ಬಾಯಿ ತೆರೆದ ಕೂಡಲೇ ಕನ್ನಡಕ್ಕೆ ಹೊರಳಿದರು. ಗಡಿ ಎಂಬುದು ನಕ್ಷೆಯಲ್ಲಿ ಕಂಡಷ್ಟು ಗಟ್ಟಿಯಾಗಿ ಇಲ್ಲಿ ಕಾಣುವುದಿಲ್ಲ.

ಅಲ್ಲಿಂದ ಮಿರಜಕ್ಕೆ ಬಂದೆ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಇದು ಮಿರಿಂಜೆ, ಮೂರು ಸಾವಿರದ ನಾಡು. ಇಮ್ಮಡಿ ಜಯಸಿಂಹನ 1024ರ ತಾಮ್ರಪಟ ಸಿಕ್ಕಿದ್ದೂ ಇಲ್ಲಿಯೇ. ಸ್ವಾತಂತ್ರ್ಯ ಬರುವವರೆಗೆ ನಮ್ಮ ಲಕ್ಷ್ಮೇಶ್ವರ ಈ ಮಿರಜ ಸಂಸ್ಥಾನಕ್ಕೆ ಸೇರಿತ್ತು, ಶಿರಹಟ್ಟಿ, ತೇರದಾಳ ಪಕ್ಕದ ಸಾಂಗ್ಲಿಗೆ.

ಮೀರಾಸಾಹೇಬರ ದರ್ಗಾದಲ್ಲಿ ಬಹಳ ಹೊತ್ತು ಕುಳಿತೆ. ಉರುಸಿನಲ್ಲಿ ಗೋರಿಗೆ ಹೊದಿಸುವ ಮೊದಲ ಗಲೀಫು ಚರ್ಮಕಾರ ಸಮುದಾಯದ್ದು. ಕಿರಾನಾ ಘರಾಣೆಯ ಅಬ್ದುಲ್ ಕರೀಮ್ ಖಾನರು 1937ರಲ್ಲಿ ತೀರಿಕೊಂಡದ್ದು ದೂರದ ತಮಿಳುನಾಡಿನಲ್ಲಿ, ಮಣ್ಣಾದದ್ದು ಈ ಅಂಗಳದಲ್ಲಿ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ಗಂಟಲಿಗೆ ಹರಿದ ಹೊಳೆಯ ಮೂಲ ಈ ಗೋರಿಯ ಬಳಿ ಇದೆ ಎಂದು ನೆನೆದಾಗ ಏಳಲು ಮನಸ್ಸೇ ಬರಲಿಲ್ಲ. ಹೊರಗೆ ಓಣಿಯಲ್ಲಿ ಒಣಗಿದ ಸೋರೆಬುರುಡೆಗೆ ತಂಬೂರಿಯ ಕೊರಳು ಕೂಡಿಸುವ ಕೆಲಸ ನಡೆದಿತ್ತು. ಮಿರಜದ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಸಿಕ್ಕಿದೆ.

ಮರುದಿನ ಕೃಷ್ಣೆಯ ದಂಡೆಯ ಖಿದ್ರಾಪುರ. ಕೊಲ್ಲಾಪುರ ಜಿಲ್ಲೆಯ ಈ ಸಣ್ಣ ಊರಿನಲ್ಲಿ ಶಿಲಾಹಾರರ ಕಾಲದ ಕೋಪೇಶ್ವರ ದೇವಾಲಯವಿದೆ. ಮುಂದಿನ ಸ್ವರ್ಗಮಂಟಪಕ್ಕೆ ನಡುವೆ ಸೂರಿಲ್ಲ. 48 ಕಂಬಗಳ ಮಂಟಪದಲ್ಲಿ ಒಳಸುತ್ತಿನ 12 ಕಂಬಗಳು ಒಂದು ದುಂಡನೆಯ ಆಕಾಶವನ್ನು ಹಿಡಿದು ನಿಂತಿವೆ. ಅದರ ಕೆಳಗೆ ಅಷ್ಟೇ ದುಂಡಗಿನ ಹಾಸುಗಲ್ಲು. ಮಧ್ಯಾಹ್ನದ ಬಿಸಿಲು ಅದರ ಮೇಲೆ ಬಿದ್ದಾಗ ಕಲ್ಲು ಕಾದ ವಾಸನೆ, ಕಂಬದ ನೆರಳಿನಲ್ಲಿ ತಣ್ಣನೆ ಗಾಳಿ. ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು ಇಡೀ ಗುಡಿಯನ್ನು ಬೆನ್ನಮೇಲೆ ಹೊತ್ತಿದೆ. ಸೊಂಡಿಲು ಮುರಿದವೇ ಹೆಚ್ಚು, ಹೆಗಲು ಇಳಿಸಿದ್ದು ಒಂದೂ ಇಲ್ಲ. ಇಲ್ಲಿರುವ ಯಾದವ ದೊರೆ ಸಿಂಘಣನ ಶಾಸನ ಸಂಸ್ಕೃತದಲ್ಲಿದೆ. ಅದನ್ನು ದಾಟಿ ಹುಡುಕಿದರೆ ಕಂಬ, ಗೋಡೆಗಳಲ್ಲಿ ನಮ್ಮ ಹಳೆಯ ಕನ್ನಡ ಲಿಪಿ ಸಿಗುತ್ತದೆ. ಬೆರಳಿಟ್ಟು ಒಂದೆರಡು ಅಕ್ಷರ ಕೂಡಿಸಿ ಓದುವಾಗ ಎದೆ ತುಂಬಿತು.

ಗರ್ಭಗುಡಿಯ ಎದುರು ನಂದಿ ಇಲ್ಲ. ದಕ್ಷನ ಯಜ್ಞಕ್ಕೆ ಸತಿ ನಂದಿಯನ್ನೇರಿ ಹೋದಳು, ಅವಳನ್ನು ಕಳೆದುಕೊಂಡು ಕೋಪಗೊಂಡ ಶಿವ ಇಲ್ಲಿ ಬಂದು ಕುಳಿತ, ನಂದಿ ಚಿಕ್ಕೋಡಿ ತಾಲ್ಲೂಕಿನ ಯಡೂರಿನಲ್ಲಿ ಉಳಿದ ಎನ್ನುತ್ತಾರೆ ಊರವರು. ದೇವರು ಮಹಾರಾಷ್ಟ್ರದಲ್ಲಿ, ನಂದಿ ಕರ್ನಾಟಕದಲ್ಲಿ!

ಖಿದ್ರಾಪುರಕ್ಕೆ ಹೋದವರು ಯಡೂರಿಗೂ ಹೋಗಿ ಬನ್ನಿ. ಗೋಡೆಯ ಅಕ್ಷರಗಳ ಮೇಲೆ ಎಣ್ಣೆ, ಕುಂಕುಮ ಹಚ್ಚಬೇಡಿ.