ಮಧುಮೇಹಿಯ ಸ್ವಯಂಪಾಲನೆ: ದುರ್ಗದ ಸೀಮೆಯ ಊಟವೂ ನುಡಿಯೂ

ಮಧುಮೇಹವೆಂಬ ಹೆಸರು ರೋಗದ ಕಾರಣವನ್ನು ಹೇಳತಕ್ಕದ್ದಲ್ಲ. ಅದರ ಒಂದು ಲಕ್ಷಣವನ್ನು ಮಾತ್ರ ಹೇಳತಕ್ಕದ್ದು. ಮೂತ್ರವು ಜೇನಿನಂತೆ ಸಿಹಿಯಾಗುವುದನ್ನೂ ಅದಕ್ಕೆ ಇರುವೆ ಮುತ್ತುವುದನ್ನೂ ಕಂಡ ಪ್ರಾಚೀನ ವೈದ್ಯರು, ಇಪ್ಪತ್ತು ಬಗೆಯ ಪ್ರಮೇಹಗಳಲ್ಲಿ ಒಂದಕ್ಕೆ ಈ ಹೆಸರಿಟ್ಟರು. ಕನ್ನಡದಲ್ಲಿ ಅದು ಸಿಹಿಮೂತ್ರರೋಗವೆಂದೂ ಸಕ್ಕರೆ ಕಾಯಿಲೆಯೆಂದೂ ಕರೆಯಿಸಿಕೊಂಡು, ಈಗ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸಂತೆಬೀದಿಯಲ್ಲಿ ಬರಿಯ 'ಶುಗರ್' ಎಂದು ನಿಂತಿದೆ. ಸಕ್ಕರೆಯ ಕಾಯಿಲೆಯೆಂದ ಮೇಲೆ ಸಕ್ಕರೆಯನ್ನು ಬಿಟ್ಟರೆ ತೀರಿತೆಂದು ರೋಗಿಯು ಎಣಿಸುವುದು ಸಹಜವೇ. ಈ ಒಂದು ಎಣಿಕೆಯಿಂದ ಆಗುವ ಹಾನಿಯನ್ನು ವೈದ್ಯರು ಬಲ್ಲರು. ಭಾಷೆಯನ್ನು ಕಲಿಸುವವರೂ ಅದನ್ನು ವಿಚಾರಿಸಬೇಕಾದುದು ಯುಕ್ತವಾಗಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 10 ಕೋಟಿಗೆ ಮೇಲ್ಪಟ್ಟು ಮಧುಮೇಹಿಗಳಿದ್ದಾರೆ. ಕರ್ನಾಟಕದಲ್ಲಿ ಮನೆಮನೆಗೆ ಹೋಗಿ ರೋಗವನ್ನು ಪತ್ತೆಹಚ್ಚುವ 'ಗೃಹ ಆರೋಗ್ಯ' ಯೋಜನೆಯು 2024ರಲ್ಲಿ ಕೋಲಾರದಲ್ಲಿ ಮೊದಲಾಯಿತು. ಪತ್ತೆಯಾದ ಬಳಿಕ ಬರುವ ಕಾರ್ಯವೇ ದೊಡ್ಡದು. ವರ್ಷಕ್ಕೆ 8,760 ಗಂಟೆಗಳು. ಅವುಗಳಲ್ಲಿ ವೈದ್ಯನ ಮುಂದೆ ಕುಳಿತಿರುವುದು ಎರಡೋ ಮೂರೋ ಗಂಟೆಯಾದರೆ ಹೆಚ್ಚು. ಮಿಕ್ಕ ಕಾಲವೆಲ್ಲ ರೋಗಿಯೇ ತನಗೆ ವೈದ್ಯನು. ಈ ತತ್ತ್ವವನ್ನು ಅರಿತೇ ಬಾಸ್ಟನ್ ನಗರದ ವೈದ್ಯನಾದ ಎಲಿಯಟ್ ಜಾಸ್ಲಿನ್ ಎಂಬಾತನು, ಇನ್ಸುಲಿನ್ ಇನ್ನೂ ಕೈಸೇರದಿದ್ದ 1918ರಲ್ಲಿ, ವೈದ್ಯನೂ ರೋಗಿಯೂ ಜತೆಯಾಗಿ ಓದತಕ್ಕ ಕೈಪಿಡಿಯೊಂದನ್ನು ಬರೆದನು. 1922ರಲ್ಲಿ ಟೊರಾಂಟೊ ನಗರದಲ್ಲಿ ಮೊದಲ ರೋಗಿಗೆ ಇನ್ಸುಲಿನ್ ದೊರೆತ ಮೇಲೆ ಈ ಶಿಕ್ಷಣವು ಅನಾವಶ್ಯಕವಾಗಲಿಲ್ಲ. ಸೂಜಿಯೇ ರೋಗಿಯ ಕೈಗೆ ಬಂದುದರಿಂದ ಮತ್ತಷ್ಟು ಆವಶ್ಯಕವಾಯಿತು. ಮೂತ್ರದ ಎಂಟು ತೊಟ್ಟನ್ನು ಬೆನೆಡಿಕ್ಟನ ನೀಲಿ ದ್ರಾವಣದಲ್ಲಿ ಕುದಿಸಿ, ಅದು ಹಸಿರೋ ಹಳದಿಯೋ ಇಟ್ಟಿಗೆಗೆಂಪೋ ಎಂದು ಬಣ್ಣ ನೋಡುವುದನ್ನು ಆಗಿನ ರೋಗಿಗಳು ಮನೆಯಲ್ಲಿಯೇ ಕಲಿತಿದ್ದರು. ಈಗ ಬೆರಳತುದಿಯ ಒಂದು ಹನಿ ನೆತ್ತರು ಸಾಕು.

ನೆತ್ತರಿನ ಲೆಕ್ಕವು ಮೂತ್ರದ ಲೆಕ್ಕಕ್ಕಿಂತ ಮೇಲಾದುದೇಕೆಂದರೆ, ರಕ್ತದ ಸಕ್ಕರೆಯು ಪ್ರತಿ 100 ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಮನ್ನು ದಾಟುವವರೆಗೂ ಮೂತ್ರಕ್ಕೆ ಇಳಿಯುವುದಿಲ್ಲ. ಬರಿಹೊಟ್ಟೆಯಲ್ಲಿ 126 ಮುಟ್ಟಿದಾಗಲೇ ರೋಗವು ನೆಲೆಗೊಂಡಿತೆಂದು ಗಣನೆ. ಹೀಗೆ ಇರುವೆಯು ಬರುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಮಧುಮೇಹವು ಬಂದಿರಬಹುದು.

ಇನ್ನು ಊಟದ ವಿಚಾರ. ನೂರು ಗ್ರಾಂ ರಾಗಿಯಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಆ ಪಿಷ್ಟವು ಹೊಟ್ಟೆಯಲ್ಲಿ ಸಕ್ಕರೆಯೇ ಆಗುವುದು. ಅನ್ನ ಬಿಟ್ಟು ಮುದ್ದೆ ಹಿಡಿದವನು ಎಷ್ಟುಂಡರೂ ಬಾಧಕವಿಲ್ಲವೆಂಬ ನಂಬಿಕೆ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಸಾಮಾನ್ಯ. ರಾಗಿಗೆ ನಾರಿನ ಗುಣವುಂಟು, ಸುಣ್ಣದ ಸತ್ತ್ವವುಂಟು. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆಗಳು ಬಟ್ಟಲು ಅನ್ನಕ್ಕಿಂತ ಸೌಮ್ಯವೆಂದು ಹೇಳಲಾಗದು. ಸಕ್ಕರೆಯನ್ನು ಬಿಟ್ಟು ಬೆಲ್ಲವನ್ನು ಹಿಡಿದವರ ಸ್ಥಿತಿಯೂ ಇಂಥದೇ. ಹೊಸದುರ್ಗದ ಹೊಲಗಳಲ್ಲಿ ಬೆಳೆವ ಸಾಮೆ ನವಣೆಗಳು ಒಳ್ಳೆಯ ಆಹಾರವೇ ಸರಿ, ಅಳತೆಯಲ್ಲಿದ್ದರೆ. ವೇದಾವತಿಗೆ 1907ರಲ್ಲಿ ವಾಣೀವಿಲಾಸ ಸಾಗರದ ಕಟ್ಟೆ ಮುಗಿದ ಮೇಲೆ ಹಿರಿಯೂರಿನ ನಾಲೆಯ ಬಯಲಿಗೆ ಭತ್ತ ಬಂದಿತು. ಆ ಭತ್ತವನ್ನು ದೂಷಿಸಿ ಫಲವಿಲ್ಲ. ಧಾನ್ಯದ ಜಾತಿಗಿಂತ ಅದರ ಪ್ರಮಾಣವೂ, ಜತೆಗೆ ಬೀಳುವ ಕಾಳು ಸೊಪ್ಪುಗಳೂ ಮುಖ್ಯ. ಇದನ್ನು ಗ್ರಾಮಿನಲ್ಲಿ ಹೇಳಿದರೆ ಅಡಿಗೆಮನೆಗೆ ಮುಟ್ಟುವುದಿಲ್ಲ. ಮುದ್ದೆಯ ಗಾತ್ರದಲ್ಲಿ, ಸೌಟಿನಲ್ಲಿ, ಬಟ್ಟಲಿನಲ್ಲಿ ಹೇಳಬೇಕು.

ಸುಶ್ರುತನು ಹುಟ್ಟಿನಿಂದ ಬಂದ ಪ್ರಮೇಹವನ್ನೂ ಅಪಥ್ಯದಿಂದ ಬಂದುದನ್ನೂ ಬೇರೆಬೇರೆಯಾಗಿ ಎಣಿಸಿ, ರೋಗಿಯು ಮುನಿಯಂತೆ ಶ್ಯಾಮಾಕಾದಿ ಧಾನ್ಯಗಳನ್ನು ಉಂಡು ನೂರು ಯೋಜನ ನಡೆಯಲಿ, ಇಲ್ಲವೆ ಬಾವಿಯನ್ನು ತೋಡಲಿ ಎಂದು ವಿಧಿಸಿದ್ದಾನೆ. ದುರ್ಗದ ಸೀಮೆಯ ರೈತನಿಗೆ ಬಾವಿ ತೋಡುವುದು ಚಿಕಿತ್ಸೆಯಾಗಿರಲಿಲ್ಲ, ಬದುಕಾಗಿತ್ತು. ಕೊಳವೆಬಾವಿಯ ಯಂತ್ರ ಬಂದ ಮೇಲೆ ಆ ಚಿಕಿತ್ಸೆ ತಪ್ಪಿತು. ಮುದ್ದೆಯ ಗಾತ್ರ ಮಾತ್ರ ತಗ್ಗಲಿಲ್ಲ.

'ಪಥ್ಯ', 'ಗುಣ' ಎಂಬ ಎರಡು ಮಾತುಗಳನ್ನೂ ಇಲ್ಲಿ ಗಮನಿಸತಕ್ಕದ್ದು. ಮನೆಮಾತಿನಲ್ಲಿ ಪಥ್ಯಕ್ಕೆ ಕೊನೆಯುಂಟು: ಜ್ವರದ ಪಥ್ಯ ಜ್ವರ ಬಿಡುವವರೆಗೆ, ಬಾಣಂತಿಯ ಪಥ್ಯ ಕೆಲವು ತಿಂಗಳು. ಗುಣವಾಯಿತೆಂದರೆ ಔಷಧಕ್ಕೂ ಕೊನೆ. ಮಾತ್ರೆಯಿಂದ ಸಕ್ಕರೆಯ ಅಂಕಿ ಇಳಿದುದನ್ನು ನೋಡಿ, ಗುಣವಾಯಿತೆಂದು ಮಾತ್ರೆಯನ್ನೇ ನಿಲ್ಲಿಸುವವರು ಅವಿವೇಕಿಗಳಲ್ಲ; ತಾವು ಕಲಿತ ಮಾತಿನ ಅರ್ಥದಂತೆ ನಡೆದವರು. ಈ ರೋಗಕ್ಕೆ ಒಪ್ಪುವ ಕ್ರಿಯಾಪದ 'ಗುಣಪಡಿಸು' ಎಂಬುದಲ್ಲ, 'ನಿಭಾಯಿಸು' ಎಂಬುದು. ಸಂಸಾರವನ್ನು ನಿಭಾಯಿಸುವುದೆಂದರೆ ಏನೆಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಹೆಸರಿನ ದೋಷವು ಪ್ರಾಣಕ್ಕೇ ಮುಟ್ಟುವ ಸಂದರ್ಭ ಒಂದುಂಟು. ಇನ್ಸುಲಿನ್ನನ್ನೋ ಕೆಲವು ಜಾತಿಯ ಮಾತ್ರೆಗಳನ್ನೋ ತೆಗೆದುಕೊಂಡವನು ಊಟ ತಪ್ಪಿಸಿದರೆ, ಅಥವಾ ವಾಡಿಕೆಗೆ ಮೀರಿ ದುಡಿದರೆ, ಸಕ್ಕರೆಯು 70ಕ್ಕಿಂತ ಕೆಳಗೆ ಇಳಿಯಬಹುದು. ಮೈ ಬೆವರುವುದು, ಕೈ ನಡುಗುವುದು, ಹೊಟ್ಟೆ ಕೂಗುವುದು, ಎದೆ ಡವಗುಟ್ಟುವುದು, ಮಾತು ತೊದಲುವುದು. ಶಿವರಾತ್ರಿಯ, ಏಕಾದಶಿಯ, ರಂಜಾನಿನ ಉಪವಾಸಗಳಲ್ಲಿ ಈ ಭಯ ಹೆಚ್ಚು. ಆದುದರಿಂದ ಉಪವಾಸಕ್ಕೆ ಮುಂಚೆ ಔಷಧದ ಪ್ರಮಾಣವನ್ನು ವೈದ್ಯನಿಂದ ತಿದ್ದಿಸಿಕೊಳ್ಳಬೇಕು. ಇಂಥ ಹೊತ್ತಿನಲ್ಲಿ ಔಷಧವೆಂದರೆ ಸಕ್ಕರೆಯೇ: ಮೂರು ಸಣ್ಣ ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು, ಕಾಲು ಗಂಟೆಯೊಳಗೆ ಚೇತರಿಕೆ ಕಾಣದಿದ್ದರೆ ಮತ್ತೊಮ್ಮೆ ಕುಡಿದು, ಬಳಿಕ ಊಟ ಮಾಡಬೇಕು. ಎಚ್ಚರ ತಪ್ಪಿದವನ ಬಾಯಿಗೆ ಏನನ್ನೂ ಹುಯ್ಯದೆ ಒಡನೆ ಆಸ್ಪತ್ರೆಗೆ ಒಯ್ಯಬೇಕು. ಆದರೆ ಸಕ್ಕರೆಯೇ ವಿಷವೆಂದು ವರ್ಷಗಟ್ಟಲೆ ಕೇಳಿದ ರೋಗಿಯೂ ಅವನ ಮನೆಯವರೂ, ಡಬ್ಬಿಯು ಕೈಗೆಟಕುವಲ್ಲಿದ್ದರೂ ಹಿಂಜರಿಯುವರು. ಮಡದಿ ಮಕ್ಕಳಿಗೂ ಈ ಪಾಠವಾಗದೆ ರೋಗಿಯೊಬ್ಬನಿಗೇ ಆದರೆ ಪ್ರಯೋಜನವಿಲ್ಲ. ಆ ಹೊತ್ತಿನಲ್ಲಿ ಅವನ ಬುದ್ಧಿ ಅವನ ವಶದಲ್ಲಿರುವುದಿಲ್ಲ.

ಇನ್ಸುಲಿನ್ನಿನ ರಕ್ಷಣೆಗೂ ಮನೆಯ ವಸ್ತುವೇ ನೆರವಾಗುವುದು. ಬೇಸಿಗೆಯಲ್ಲಿ ಶೀತಕ ಪೆಟ್ಟಿಗೆಯಿಲ್ಲದ ಮನೆಯವರು, ದೊಡ್ಡ ಮಡಕೆಯಲ್ಲಿ ಮರಳು ತುಂಬಿ ನೀರು ಚಿಮುಕಿಸಿ, ಅದರ ನಡುವೆ ಚಿಕ್ಕ ಮಡಕೆಯನ್ನು ಹೂತು, ಸೀಸೆಯನ್ನು ಅದರಲ್ಲಿಟ್ಟು ಮುಚ್ಚಬಹುದು. ನೀರು ಆರುವಾಗ ಒಳಗು ತಣ್ಣಗಾಗುವುದು. ಕುಡಿಯುವ ನೀರಿನ ಮಡಕೆಯಲ್ಲಿ ಎಲ್ಲರೂ ಕಂಡ ಸಂಗತಿಯೇ ಇದು.

ಕಡೆಯದಾಗಿ ಕಾಲಿನ ವಿಚಾರ. ರೋಗವು ಹಳೆಯದಾದಂತೆ ಅಂಗಾಲಿನ ನರಗಳು ಮಂಕಾಗುವುವು. ಚಪ್ಪಲಿ ಕಳಚಿಹೋದುದು ತಿಳಿಯದು. ಹಿರಿಯೂರಿನ ಬೀಳುನೆಲದ ಜಾಲಿಮುಳ್ಳು ಚುಚ್ಚಿದುದೂ ತಿಳಿಯದು. ನೋವಿಲ್ಲದ ಗಾಯವೆಂದು ಉದಾಸೀನ ಮಾಡಿದುದು ಕೊಳೆತು, ಬೆರಳನ್ನೋ ಪಾದವನ್ನೋ ತೆಗೆಯುವವರೆಗೆ ಹೋಗುವುದು. ತೇರಿನ ಬಿಸಿಲಿನಲ್ಲಿ ಬರಿಗಾಲ ಹರಕೆ ಹೊತ್ತವರು ಈ ಸಂಗತಿಯನ್ನು ದೇವರ ಮುಂದೆ ಹೇಳಿಕೊಂಡು, ಹರಕೆಯನ್ನು ಬೇರೆ ವಿಧದಲ್ಲಿ ತೀರಿಸುವುದು ಲೇಸು. ಪ್ರತಿ ಸಂಜೆ ಕಾಲು ತೊಳೆದು, ಬೆರಳ ಸಂದುಗಳನ್ನು ಒರಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಕಣ್ಣು ಮಂದವಾದವರಿಗೆ ಮೊಮ್ಮಕ್ಕಳು ನೋಡಿ ಹೇಳಬಹುದು.